ಎಂಟನೆಯ ಪೆಟ್ಟು

ಹೊಸಗುಡದಿನ್ನಿಯ ಚಿನ್ನದ ಗಣಿಯಲ್ಲಿ ಒಬ್ಬ ಮನುಷ್ಯನ ಹೆದರಿಕೆಗೆ ಗೊತ್ತಾದ ಬೆಲೆ ಇತ್ತು. ಒಂದು ಪಾಳಿಯ ಕೆಲಸ, ನಲವತ್ತು ಡಬ್ಬಿ ಅದಿರು, ಎಂಟು ಕಪ್ ಚಹ. ಚಹದ ಖರ್ಚು ಹೆದರಿದವನದು. ಉಳಿದದ್ದು ಎಲ್ಲರ ತಲೆಗೆ.

ಲೆಕ್ಕ ನಡೆಯುತ್ತಿದ್ದುದು ಹೀಗೆ. ಗಣಿಗೆ ಇಳಿಯುವ ಬಾವಿಯಂಥ ಶಾಫ್ಟಿನ ಬಾಯಲ್ಲಿ ಹಳೇ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಕಬ್ಬಿಣದ ಪಂಜರದಂಥ ಕೇಜಿನಲ್ಲಿ ಕೆಳಗಿಳಿಯುವ ಮುನ್ನ ಗುಂಪಿನ ಎಂಟೂ ಜನ ತಮ್ಮ ತಮ್ಮ ಸಲಾಕೆಯಿಂದ ಅದಕ್ಕೆ ಒಂದೊಂದು ಪೆಟ್ಟು ಹಾಕಬೇಕು. ಸಲಾಕೆ ಎಂದರೆ ತಲೆಯ ಮೇಲಿನ ಕಲ್ಲನ್ನು ಬಡಿದು ಸದ್ದು ನೋಡುವ ಉದ್ದನೆಯ ಕಬ್ಬಿಣದ ಕೋಲು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಸಡಿಲ ಕಲ್ಲು ಡಬ್ ಎನ್ನುತ್ತದೆ. ಕಂಬಿಗೆ ಎಂಟು ಪೆಟ್ಟು ಬಿದ್ದರೆ ಕೇಜು ಇಳಿಯುತ್ತಿತ್ತು. ಏಳೇ ಬಿದ್ದರೆ ಯಾರೂ ಇಳಿಯುತ್ತಿರಲಿಲ್ಲ. ಎಲ್ಲರೂ ತಿರುಗಿ ಗೇಟಿನ ಪಕ್ಕದ ರಜಾಕನ ಅಂಗಡಿಗೆ ಹೋಗಿ ಚಹ ಕುಡಿದು ಮನೆಗೆ ನಡೆಯುತ್ತಿದ್ದರು.

ಹೊಡೆಯದೆ ನಿಂತವನನ್ನು ಯಾಕೆ ಎಂದು ಕೇಳುವಂತಿರಲಿಲ್ಲ. ಅದು ಹಿರಿಯರು ಹಾಕಿಟ್ಟ ಕಟ್ಟು. ಕಾರಣ ಕೇಳಿದರೆ ಮನುಷ್ಯ ಕಾರಣ ಹುಟ್ಟಿಸುತ್ತಾನೆ. ಹುಟ್ಟಿಸಿದ ಕಾರಣವನ್ನು ಮಾತು ಬಲ್ಲವನೊಬ್ಬ ಒಂದೇ ಏಟಿಗೆ ಮುರಿಯುತ್ತಾನೆ. ಕಾರಣ ಮುರಿದ ಮಾತ್ರಕ್ಕೆ ಕೆಳಗಿನ ಕಲ್ಲು ಗಟ್ಟಿಯಾಗುವುದಿಲ್ಲ.

ಮೇಸ್ತ್ರಿ ಮೌಲಪ್ಪ ಇಪ್ಪತ್ತೆರಡು ವರ್ಷ ಈ ಗುಂಪನ್ನು ಇಳಿಸಿ ಹತ್ತಿಸಿದವನು. ಅವನ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಚಹ ಕುಡಿಸಿದವನು ಖಾಜಪ್ಪ. ಅವನು ಮೌಲಪ್ಪನ ಹೆಂಡತಿ ದುರುಗಮ್ಮನ ತಮ್ಮ. ಗುಂಪಿನಲ್ಲಿ ಅವನನ್ನು ಚಾ ಖಾಜಪ್ಪ ಎಂದೇ ಕರೆಯುತ್ತಿದ್ದರು.

"ಲೇ ಖಾಜಾ, ಇವತ್ತರ ಶುಂಠಿ ಹಾಕಸಲೇ. ಬರೇ ನೀರು ಕುಡಸ್ತಿ," ಎಂದು ಗುಂಪಿನವರು ಕಾಡುತ್ತಿದ್ದರು.

"ಹೆದರಿದಾವ ನಾನು, ಶುಂಠಿ ನಿಮಗ ಬೇಕೇನು? ನಾಳಿ ನೀವೂ ಹೆದರ್ರಿ, ನಾ ಬಾದಾಮಿ ಹಾಲ ಕುಡೀತೀನಿ."

ತಾಯಿಯಿಲ್ಲದ ಆ ತಮ್ಮನನ್ನು ದುರುಗಮ್ಮ ಕಂಕುಳಲ್ಲಿ ಹೊತ್ತು ಬೆಳೆಸಿದ್ದಳು. ಅವನನ್ನು ಗಣಿಗೆ ಸೇರಿಸಿದ ದಿನ ಅವಳು ಗಂಡನ ತಾಟಿಗೆ ರೊಟ್ಟಿ ಹಾಕಿ, ಕೈ ತೆಗೆಯದೆ ಅದರ ಮೇಲೇ ಇಟ್ಟುಕೊಂಡು ಒಂದೇ ಮಾತು ಕೇಳಿದ್ದಳು.

"ಅವನ್ನ ಬಿಟ್ಟು ಮ್ಯಾಲ ಬರಬ್ಯಾಡ್ರಿ."

"ಇಲ್ಲ, ಬರಂಗಿಲ್ಲ," ಎಂದಿದ್ದ ಮೌಲಪ್ಪ. ಆಮೇಲೆ ಅವಳು ಕೈ ತೆಗೆದಳು.

*

ಗಣಿ ಹದಿನಾಲ್ಕನೆಯ ಮಟ್ಟಕ್ಕೆ ಇಳಿದ ವರ್ಷ ಹೊಸ ಕಂಟ್ರೋಲ್ ರೂಮು ಬಂತು. ತಣ್ಣನೆಯ ಕೋಣೆ, ಗೋಡೆ ತುಂಬ ಪರದೆ. ಕಲ್ಲಿನೊಳಗೆ ಇನ್ನೂರ ಹನ್ನೆರಡು ಕಡೆ ರಂಧ್ರ ಕೊರೆದು ಕಿವಿಯಂಥ ಯಂತ್ರಗಳನ್ನು ಹುಗಿದಿದ್ದರು. ಕಲ್ಲು ಕೂದಲೆಳೆಯಷ್ಟು ಬಿರಿದರೂ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತಿತ್ತು. ಅದನ್ನೆಲ್ಲ ನೋಡಿಕೊಳ್ಳಲು ಮೈಸೂರು ಕಡೆಯಿಂದ ಡಾಕ್ಟರ್ ವಾರಿಜಾ ಎಂಬ ವಿಜ್ಞಾನಿ ಬಂದಿದ್ದರು. ಒಳ್ಳೆಯ ಹೆಂಗಸು. ಕೂಲಿಯವರು ಬಂದರೆ ಎದ್ದು ನಿಂತು ಕುರ್ಚಿ ತೋರಿಸುತ್ತಿದ್ದರು.

ಅವರು ಮೌಲಪ್ಪನಿಗೆ ಎರಡು ಬೆರಳಗಲದ ಒಂದು ಪಟ್ಟಿ ತೋರಿಸಿದರು. ಹೆಲ್ಮೆಟ್ಟಿನ ಒಳಗೆ ಅಂಟಿಸಿದರೆ ಅದು ಕಿವಿಯ ಹಿಂದೆ ತಾಗುತ್ತದೆ.

"ಮಿದುಳಿನ ಆಳದಲ್ಲಿ ಬಾದಾಮಿ ಬೀಜದಷ್ಟು ದೊಡ್ಡ ಒಂದು ಭಾಗ ಇದೆ, ಮೇಸ್ತ್ರಿಗಳೇ. ಹೆದರಿಕೆ ಶುರುವಾಗೋದು ಅಲ್ಲಿ. ಈ ಪಟ್ಟಿಯಿಂದ ಸಣ್ಣ ಅಲೆ ಹೋಗಿ ಅದನ್ನ ಸುಮ್ಮನಾಗಿಸುತ್ತೆ. ನೋವಿಲ್ಲ, ನಿದ್ದೆ ಬರಲ್ಲ. ಕಣ್ಣು, ಕಿವಿ, ಲೆಕ್ಕ ಎಲ್ಲ ಮೊದಲಿನ ಹಾಗೇ."

"ಹೆದರಿಕಿ ಯಾಕ ತೆಗೀಬೇಕ್ರಿ ಮೇಡಮ್ಮಾರ? ದೇವ್ರು ಕೊಟ್ಟಾನ, ಇರ್ಲಿ."

ವಾರಿಜಾ ನಕ್ಕು ಒಂದು ಕಥೆ ಹೇಳಿದರು. ಹುಲ್ಲುಗಾವಲಿನಲ್ಲಿ ಜಿಂಕೆ ಮೇಯುತ್ತಿದೆ. ಪೊದೆ ಅಲುಗುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅದು ಗಾಳಿ. ಆದರೂ ಜಿಂಕೆ ನೂರು ಸಲವೂ ಓಡುತ್ತದೆ. ಓಡಿದರೆ ಹೋಗುವುದು ಒಂದು ತುತ್ತು ಹುಲ್ಲು, ಓಡದಿದ್ದರೆ ಒಂದು ದಿನ ಪ್ರಾಣ. ಲಕ್ಷಾಂತರ ವರ್ಷ ಓಡಿದವುಗಳೇ ಉಳಿದು ಮರಿ ಹಾಕಿದವು. ಮನುಷ್ಯನೂ ಹಾಗೇ ಬಂದವನು. ಲೆಕ್ಕ ಹಾಕುವ ಬುದ್ಧಿ ಅವನಿಗೆ ನಿನ್ನೆ ಮೊನ್ನೆ ಬಂದದ್ದು. ಹಳೆಯ ಹೆದರಿಕೆ ಅದರ ಹೆಗಲ ಮೇಲೆ ಕೂತು ಈಗಲೂ ಗದರಿಸುತ್ತಲೇ ಇದೆ.

"ಆ ಓಡೂ ಜಿಂಕಿ ಇನ್ನೂ ಅದಾವಲ್ರಿ?"

"ಇದಾವೆ."

"ಓಡಲಾರದವು?"

"ಅವು ಇಲ್ಲ. ಅದಕ್ಕೇ ಕಲ್ಲಿಗೆ ಇನ್ನೂರ ಹನ್ನೆರಡು ಕಿವಿ ಇಟ್ಟಿದೀವಿ. ನಿಮ್ಮ ಬದಲು ಅವು ಹೆದರುತ್ತವೆ. ಈ ಕಾಗದ ನೋಡಿ, ಆರು ವರ್ಷದಲ್ಲಿ ನಿಮ್ಮ ಗುಂಪು ಅರವತ್ತೊಂದು ಸಲ ಇಳಿಯದೆ ವಾಪಸ್ಸು ಹೋಗಿದೆ. ಅದರಲ್ಲಿ ಐವತ್ತೊಂಬತ್ತು ಸಲ ಕೆಳಗೆ ಏನೂ ಆಗಿಲ್ಲ. ಎಲ್ಲ ಸುಳ್ಳು ಹೆದರಿಕೆ."

ಮೌಲಪ್ಪ ಓದಿದವನಲ್ಲ, ಆದರೆ ದಡ್ಡನೂ ಅಲ್ಲ. ಉಳಿದ ಎರಡು ಸಲದ ಬಗ್ಗೆ ಅವನು ಕೇಳಬಹುದಿತ್ತು. ಆ ಎರಡರಲ್ಲಿ ಒಂದು ಸಲ ಹನ್ನೊಂದನೆಯ ಮಟ್ಟ ಪೂರ್ತಿ ಕುಸಿದಿತ್ತು. ಆದರೆ ಪರದೆಯ ಮೇಲೆ ಚುಕ್ಕೆಗಳು ಅಷ್ಟು ಅಚ್ಚುಕಟ್ಟಾಗಿ ಹೊಳೆಯುತ್ತಿದ್ದವು, ಆ ಹೆಂಗಸಿನ ಮಾತಿನಲ್ಲಿ ಕಪಟವಿರಲಿಲ್ಲ. ಪಟ್ಟಿ ಹಾಕಿಕೊಂಡವರಿಗೆ ಪಾಳಿ ತಪ್ಪುವುದಿಲ್ಲ, ಕೂಲಿಯೂ ತಪ್ಪುವುದಿಲ್ಲ. ಎಂಟೂ ಜನ ಹಾಕಿಕೊಂಡರು.

ಅಂದಿನಿಂದ ಕಂಬಿಗೆ ದಿನವೂ ಎಂಟು ಪೆಟ್ಟು ಬಿದ್ದವು, ಗಡಿಯಾರ ಹೊಡೆದ ಹಾಗೆ. ರಜಾಕನ ಅಂಗಡಿಯಲ್ಲಿ ಚಹ ಉಳಿಯತೊಡಗಿತು.

*

ಪಟ್ಟಿ ಹೆಲ್ಮೆಟ್ಟಿನಲ್ಲಿತ್ತು. ಹೆಲ್ಮೆಟ್ಟು ಗಣಿಯಲ್ಲೇ ಉಳಿಯುತ್ತಿತ್ತು. ಆದರೂ ಆರು ತಿಂಗಳು ಕಳೆಯುವಷ್ಟರಲ್ಲಿ ಅದು ಮಾಡಿದ ಕೆಲಸ ಮನೆಯವರೆಗೂ ಬಂತು.

ಮೊದಲು ಗಮನಿಸಿದವಳು ದುರುಗಮ್ಮ. ಮೊಮ್ಮಗಳು ಜಾರಿ ಹಿತ್ತಲ ನೀರಿನ ತೊಟ್ಟಿಗೆ ಬಿದ್ದಾಗ ಮೌಲಪ್ಪ ಓಡಲಿಲ್ಲ, ನಡೆದುಹೋಗಿ ಎತ್ತಿದ. ತೊಟ್ಟಿಯಲ್ಲಿ ಮೊಣಕಾಲುದ್ದ ನೀರಿತ್ತು, ಮಗುವಿಗೆ ಎದೆಯ ತನಕ ಬರುತ್ತದೆ, ಮುಳುಗುವುದಿಲ್ಲ. ಲೆಕ್ಕ ಸರಿಯಾಗೇ ಇತ್ತು. ಮಗು ಅಜ್ಜನ ಮುಖ ನೋಡಿ ಅಳು ನಿಲ್ಲಿಸಿತು. ಸಮಾಧಾನವಾಗಿ ನಿಲ್ಲಿಸಿದ್ದಲ್ಲ.

"ಏನ್ ಆಗೈತಿ ನಿಮಗ?"

"ಏನೂ ಆಗಿಲ್ಲ. ಆರಾಮ ಅದೀನಿ."

"ಅದನ್ನ ಕೇಳಾಕತ್ತೀನಿ. ಇಷ್ಟ್ಯಾಕ ಆರಾಮ ಅದೀರಿ?"

ಅವನು ಮಗುವಿನ ಒದ್ದೆ ಅಂಗಿ ಹಿಂಡಿ ಹರವಿದ. ಆ ಮಾತಿಗೆ ಅವನಿಗೆ ಕಸಿವಿಸಿಯೂ ಆಗಲಿಲ್ಲ.

ಖಾಜಪ್ಪ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುವುದು ರೂಢಿ. ಮೊದಲೆಲ್ಲ ಹೊಸ್ತಿಲು ದಾಟುವ ಮೊದಲೇ ಅವನ ದನಿ ಒಳಗೆ ಬರುತ್ತಿತ್ತು. ಯಾರ ಕೋಳಿ ಯಾರ ಮನೆಯಲ್ಲಿ ಬೆಂದಿತು, ಯಾವ ಇಂಜಿನಿಯರು ಕೇಜಿನಲ್ಲಿ ಕಣ್ಣು ಮುಚ್ಚಿ ದೇವರ ಹೆಸರು ಹೇಳಿದ, ಎಲ್ಲವನ್ನೂ ಕುಣಿದು ತೋರಿಸುತ್ತಿದ್ದ. ಈಗ ಬಂದು ಗೋಡೆಗೆ ಒರಗಿ ಕೂತು, ಹಾಕಿದ್ದನ್ನು ಉಂಡು, ಕೈ ತೊಳೆದು ಏಳುತ್ತಿದ್ದ.

"ಖಾಜಾ, ಒಂದ್ ಏನರ ಹೇಳೋ."

"ಹೇಳೂದು ಏನೈತಕ್ಕಾ? ಎಲ್ಲಾ ಸರೀನ ಐತಿ."

ಅವನು ಹೋದ ಮೇಲೆ ದುರುಗಮ್ಮ ತಾಟು ತೊಳೆಯುತ್ತ ಅಂದಳು, "ಪುಕ್ಕಲ ನನ್ನ ತಮ್ಮ. ಹುಟ್ಟು ಪುಕ್ಕಲ. ಆ ಪುಕ್ಕಲತನದಾಗ ಅವನ ನಗಿ ಇತ್ತು ಅಂತ ನನಗ ಗೊತ್ತಿರಲಿಲ್ಲ."

ಮೌಲಪ್ಪ ಹೂಂ ಎಂದ.

*

ಅದಾಗಿ ಎಂಟು ತಿಂಗಳಿಗೆ, ಒಂದು ಬುಧವಾರ ಬೆಳಗಿನ ಪಾಳಿ. ಎಂಟು ಪೆಟ್ಟು ಬಿದ್ದವು. ಖಾಜಪ್ಪನದು ಮೊದಲನೆಯದು. ಈಚೆಗೆ ಅವನೇ ಮೊದಲು ಹೊಡೆಯುತ್ತಿದ್ದ.

ಹದಿನಾಲ್ಕನೆಯ ಮಟ್ಟದ ತುದಿಯಲ್ಲಿ, ಹಿಂದೆ ಅದಿರು ತೆಗೆದು ಮಣ್ಣು ಕಲ್ಲುಚೂರು ತುಂಬಿ ಮುಚ್ಚಿದ್ದ ಹಳೆಯ ಪೊಳ್ಳೊಂದರ ಕೆಳಗೆ ಅವರು ಕೊರೆಯುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಮೌಲಪ್ಪ ಮರದ ಆಸರೆಕಂಬದ ಬುಡ ನೋಡಿದ. ಅಲ್ಲಿ ಮಣ್ಣಿನ ಒಂದು ಸಣ್ಣ ಗುಪ್ಪೆ ಇತ್ತು, ಇರುವೆ ಗೂಡಿನ ಹಾಗೆ. ನೋಡುತ್ತಿದ್ದಂತೆ ಮೇಲಿನಿಂದ ಇನ್ನಷ್ಟು ಮಣ್ಣು ಜರಡಿ ಹಿಡಿದ ಹಾಗೆ ಉದುರಿತು. ನಿಂತಿತು. ಮತ್ತೆ ಉದುರಿತು.

ಹಿಂದೆ ಇಂಥದ್ದನ್ನು ಅವನು ಕಣ್ಣಿನಿಂದ ನೋಡುವ ಮೊದಲೇ ಕಾಲು ಹೆಜ್ಜೆ ಇಡುತ್ತಿತ್ತು. ನೋಡಿದೆ ಎಂದು ತಿಳಿಯುತ್ತಿದ್ದುದು ಓಡಿ ಇಪ್ಪತ್ತು ಮಾರು ಹೋದ ಮೇಲೆ. ಈಗ ಅವನು ನಿಂತು ಪೂರ್ತಿ ನೋಡಿದ.

"ಖಾಜಾ. ಮಣ್ಣು ಉದರಾಕತ್ತೈತಿ."

ಖಾಜಪ್ಪ ಯಂತ್ರ ನಿಲ್ಲಿಸಿ ಬಂದು ನೋಡಿದ. "ಹೌದು ಮಾವ. ಉದರಾಕತ್ತೈತಿ."

ಮೌಲಪ್ಪ ಫೋನಿನಲ್ಲಿ ಕಂಟ್ರೋಲ್ ರೂಮಿಗೆ ಕೇಳಿದ. ಇನ್ನೂರ ಹನ್ನೆರಡು ಕಿವಿಗಳೂ ಹಸಿರು ತೋರಿಸುತ್ತಿವೆ ಎಂದು ಉತ್ತರ ಬಂತು. ಮೇಲೆ ಹೋದರೆ ಪಾಳಿ ಹೋಗುತ್ತದೆ. ಮಣ್ಣು ಉದುರಿದ್ದೆಲ್ಲ ಕುಸಿತವಲ್ಲ, ನೂರಕ್ಕೆ ತೊಂಬತ್ತು ಸಲ ಏನೂ ಆಗುವುದಿಲ್ಲ. ಇಬ್ಬರೂ ಅದನ್ನೇ ಲೆಕ್ಕ ಹಾಕಿದರು. ಖಾಜಪ್ಪ ಹೋಗಿ ಯಂತ್ರ ಶುರು ಮಾಡಿದ.

ಸುಮಾರು ಅರ್ಧ ಗಂಟೆಗೆ ಆಸರೆಕಂಬ ಮುರಿಯಿತು.

ಧೂಳು ತಿಳಿಯಾದಾಗ ಏಳು ಜನ ನಿಂತಿದ್ದರು. ಖಾಜಪ್ಪ ಸೊಂಟದ ತನಕ ಕಲ್ಲು ಮಣ್ಣಿನಲ್ಲಿ ಹೂತಿದ್ದ. ಮುಖದ ಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಯಾರೂ ಕೂಗಲಿಲ್ಲ. ಮೌಲಪ್ಪ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಹೆಂಗೈತಿ?"

"ಸೊಂಟದ ಕೆಳಗ ಏನೂ ಗೊತ್ತಾಗವಲ್ದು ಮಾವ."

"ಸಲಾಕಿ ಕೊಟ್ಟು ಆ ದೊಡ್ಡ ಕಲ್ಲು ಎತ್ತಿದ್ರ?"

ಖಾಜಪ್ಪ ಕತ್ತು ಹೊರಳಿಸಿ ಮೇಲೆ ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನಿಧಾನವಾಗಿ ನೋಡಿದ. "ಎತ್ತಿದ್ರ ಮ್ಯಾಲಿಂದು ಇಳೀತೈತಿ. ಎತ್ತದಿದ್ರೂ ಇಳೀತೈತಿ, ಸ್ವಲ್ಪ ತಡಾ ಮಾಡಿ. ನೀವು ಏಳು ಮಂದಿ ಅದೀರಿ."

"ಹೌದು."

"ಹಂಗಾರ ನಡೀರಿ."

"ನಡೀತೀವಿ."

ಮೌಲಪ್ಪ ತನ್ನ ನೀರಿನ ಬಾಟಲಿಯನ್ನು ಅವನ ಕೈಗೆ ಸಿಗುವಂತೆ ಇಟ್ಟ. ದಾರಿಗೆ ಅಡ್ಡವಾಗಿ ಬಿದ್ದಿದ್ದ ಖಾಜಪ್ಪನ ಸಲಾಕೆಯನ್ನು ಎತ್ತಿಕೊಂಡ. ಹೆಂಡತಿಗೆ ಕೊಟ್ಟ ಮಾತು ಅವನಿಗೆ ನೆನಪಿತ್ತು. ರೊಟ್ಟಿಯ ಮೇಲಿಟ್ಟಿದ್ದ ಅವಳ ಕೈ, ಕೈಯ ಹಸಿರು ಬಳೆ ಕೂಡ ನೆನಪಿತ್ತು. ಎಲ್ಲ ನೆನಪಿತ್ತು. ಅದರಿಂದ ಏನೂ ಆಗಲಿಲ್ಲ.

ಅವರು ಕೇಜು ಹತ್ತಿ ಸರಳು ಎಳೆದುಕೊಂಡಾಗ ಹಿಂದಿನಿಂದ ಎರಡನೆಯ ಕುಸಿತದ ಸದ್ದು ಬಂತು. ಲೆಕ್ಕ ಸರಿಯಾಗಿತ್ತು.

*

ದುರುಗಮ್ಮ ಹಾಲು ಕಾಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ನೇರವಾಗಿ ಹೇಳಿದ.

"ಬಿಟ್ಟು ಬಂದ್ವಿ."

"ಉಸರಿತ್ತೇನು?" ಎಂದಳು.

"ಇತ್ತು."

"ಕರದನೇನು? ಅಕ್ಕಾ ಅಂದನೇನು?"

"ಇಲ್ಲ. ನಡೀರಿ ಅಂದ."

ಅವಳು ಚೀರಿದ್ದು ಓಣಿಯ ತುದಿಗೆ ಕೇಳಿಸಿತು. ಅವನ ಎದೆಗೆ, ಮುಖಕ್ಕೆ ಎರಡೂ ಕೈಯಿಂದ ಹೊಡೆದಳು. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು. ಮೌಲಪ್ಪ ಹೊಡೆತ ತಿನ್ನುತ್ತಲೇ ಕೈ ಚಾಚಿ ಗ್ಯಾಸು ಆರಿಸಿದ. ಅದನ್ನು ನೋಡಿ ಅವಳು ಹೊಡೆಯುವುದನ್ನು ನಿಲ್ಲಿಸಿದಳು.

*

ಒಂಬತ್ತನೆಯ ದಿನ ಕಂಟ್ರೋಲ್ ರೂಮಿಗೆ ಕರೆದರು. ವಾರಿಜಾ ಸೊರಗಿ ಹೋಗಿದ್ದರು.

"ನಾವು ಕಿವಿ ಇಟ್ಟಿದ್ದು ಕಲ್ಲಿಗೆ, ಮೇಸ್ತ್ರಿಗಳೇ. ಬಿದ್ದಿದ್ದು ಹಳೇ ಪೊಳ್ಳಿಗೆ ತುಂಬಿದ್ದ ಮಣ್ಣು. ಮಣ್ಣು ಬಿರಿಯಲ್ಲ, ಸುಮ್ಮನೆ ಜಾರುತ್ತೆ. ಅಲ್ಲಿ ಒಂದೂ ಕಿವಿ ಇರಲಿಲ್ಲ. ಅದು ನನ್ನ ತಪ್ಪು." ಪರದೆಯ ಕಡೆ ತಿರುಗಿ ಅಂದರು, "ಆದರೆ ನೀವು ಬಿಟ್ಟು ಬಂದಿದ್ದು ಸರಿ. ಎಂಟು ನಿಮಿಷ ತಡ ಆಗಿದ್ದರೆ ಏಳು ಜೀವ ಹೋಗ್ತಿತ್ತು."

"ಬಿಟ್ಟು ಬಂದಿದ್ದರ ಮಾತು ಆಮ್ಯಾಲ, ಮೇಡಮ್ಮಾರ. ಅದಕ್ಕ ಅರ್ಧ ತಾಸು ಮೊದಲು ಮಣ್ಣು ಉದರೂದು ನಾವು ನೋಡಿದ್ವಿ. ಇಬ್ಬರೂ ನೋಡಿದ್ವಿ. ಕಾಲು ಏಳಲಿಲ್ಲ."

ವಾರಿಜಾ ಮೇಜಿನ ಮೇಲಿದ್ದ ಕಾಗದಗಳನ್ನು ಹತ್ತಿರ ಎಳೆದುಕೊಂಡರು.

"ನಮ್ಮ ಅರವತ್ತೊಂದರ ಕಾಗದ ಐತಲ್ರಿ, ಅದರಾಗ ಐವತ್ತೊಂಬತ್ತು ಸುಳ್ಳು ಹೆದರಿಕಿ ಅಂತ ಬರದೀರಿ. ಅದನ್ನ ಹೊಡದು ಅಗ್ಗದ ಹೆದರಿಕಿ ಅಂತ ಬರೀರಿ. ಜಿಂಕಿ ಕತಿ ನೀವ ಹೇಳಿದ್ದು. ನಾವಿಬ್ಬರೂ ಅವತ್ತ ಸರಿಯಾಗಿ ಕೇಳಲಿಲ್ಲ. ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ.

"ಪಟ್ಟಿ ತೆಗದ್ರ ಎಷ್ಟ ದಿನಕ್ಕ ಹೆದರಿಕಿ ತಿರುಗಿ ಬರತೈತ್ರಿ?"

"ನಾಲ್ಕು ತಿಂಗಳು ಇರಬಹುದು. ಒಂದು ವರ್ಷ ಆಗಬಹುದು. ನನಗೆ ನಿಜವಾಗಿ ಗೊತ್ತಿಲ್ಲ."

"ಅಳು?"

"ಅದೂ ಅಲ್ಲೇ ಹತ್ತಿರ ಇರೋದು," ಎಂದರು ವಾರಿಜಾ.

*

ಏಳು ಜನ ಪಟ್ಟಿ ಕಿತ್ತು ಕೊಟ್ಟರು. ಹೆದರಿಕೆ ಬರಲಿಲ್ಲ. ಬೆಳಿಗ್ಗೆ ಶಾಫ್ಟಿನ ಬಾಯಲ್ಲಿ ನಿಂತು ತಮ್ಮೊಳಗೆ ಹುಡುಕಿದರೂ ಸಿಗಲಿಲ್ಲ. ಕೆಲಸ ಬಿಟ್ಟು ಕೂತರೆ ಮನೆ ನಡೆಯುವುದಿಲ್ಲ, ಹಾಗಾಗಿ ಏಳು ಪೆಟ್ಟಿಗೇ ಇಳಿಯುತ್ತಿದ್ದರು. ಕಂಬಿಗೆ ಹೊಡೆಯದಿರಲು ಅವರ ಬಳಿ ಒಂದು ಕಾರಣವೂ ಇರಲಿಲ್ಲ. ಇದೇ ಅಪಾಯ ಎಂದು ಮೌಲಪ್ಪನಿಗೆ ಬುದ್ಧಿಯಿಂದ ತಿಳಿದಿತ್ತು. ಮಗ್ಗಿ ತಿಳಿದ ಹಾಗೆ ತಿಳಿದಿತ್ತು, ಅಷ್ಟೇ. ಹೆದರಿಕೆಯೇ ಇಲ್ಲದವರು ಗುಂಪು ಕಟ್ಟಿಕೊಂಡು ಇಳಿಯಬಾರದು, ಒಬ್ಬರಾದರೂ ಹೆದರುವವರು ಬೇಕು.

ತಿಂಗಳಿಂದ ದುರುಗಮ್ಮ ಅವನೊಡನೆ ಮಾತು ಬಿಟ್ಟಿದ್ದಳು. ತಾಟು ಇಟ್ಟು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅವನು ಖಾಜಪ್ಪನ ಸಲಾಕೆಯನ್ನು ತಂದು ಅವಳ ಮುಂದೆ ಗೋಡೆಗೆ ಒರಗಿಸಿದ.

"ನೀ ಬಂದು ಎಂಟನೇ ಪೆಟ್ಟು ಹಾಕಬೇಕು."

"ನಾನು?"

"ನಮಗ ಹೆದರಿಕಿ ಇಲ್ಲ. ನಿನಗ ಐತಿ."

ದುರುಗಮ್ಮ ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು. "ನನ್ನ ತಮ್ಮನ್ನ ಕಲ್ಲಾಗ ಬಿಟ್ಟು ಬಂದ್ರಿ. ಈಗ ನನ್ನ ಹೆದರಿಕಿನೂ ಬೇಕೇನು ನಿಮಗ?"

"ಹೌದು."

"ನಾಚಿಕಿ ಆಗಂಗಿಲ್ಲೇನು?"

ಅವನು ಯೋಚಿಸಿ ನೋಡಿದ. "ಇಲ್ಲ," ಎಂದ. "ಅದೂ ಹೋಗೈತಿ."

ಸಲಾಕೆ ಐದು ದಿನ ಗೋಡೆಗೆ ಒರಗಿಯೇ ಇತ್ತು. ಆರನೆಯ ದಿನ ಬೆಳಿಗ್ಗೆ ಅವನು ಶಾಫ್ಟಿಗೆ ಬಂದಾಗ ಅವಳು ಅವನಿಗಿಂತ ಮೊದಲೇ ಅಲ್ಲಿದ್ದಳು, ತಲೆ ಮೇಲೆ ಸೆರಗು ಹೊದ್ದು, ಸಲಾಕೆ ಹಿಡಿದು. ಕೇಜಿನ ಕಾವಲಿನವನು ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿದ.

ಏಳು ಪೆಟ್ಟು ಬಿದ್ದವು. ದುರುಗಮ್ಮ ಶಾಫ್ಟಿನ ಕತ್ತಲಿಗೆ ಬಗ್ಗಿ ನೋಡಿದಳು. ಗಂಡನನ್ನು ನೋಡಿದಳು, ಉಳಿದ ಆರು ಜನರನ್ನೂ ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಹೊಡೆದಳು. ಕೇಜು ಇಳಿಯಿತು. ಅವರು ಮೇಲೆ ಬರುವ ತನಕ ಅವಳು ರಜಾಕನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು, ನೀರು ಕೂಡ ಕುಡಿಯದೆ.

ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಏಳು ಪೆಟ್ಟು ಬಿದ್ದವು. ಕಂಬಿಯ ನಾದ ಅಡಗಿತು. ದುರುಗಮ್ಮ ಸಲಾಕೆ ಎತ್ತಲಿಲ್ಲ. ಅವಳ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿಯಿತು. ಗುಂಪಿನವರು ಆ ಹೆಜ್ಜೆಯನ್ನೇ ನೋಡಿದರು, ಎಂದೋ ತಮ್ಮ ಮನೆಯಲ್ಲಿದ್ದು ಕಳೆದುಹೋದ ಸಾಮಾನನ್ನು ಬೇರೆಯವರ ಮನೆಯಲ್ಲಿ ಕಂಡವರ ಹಾಗೆ. ಪರದೆಯ ಮೇಲೆ ಎಲ್ಲ ಹಸಿರಿತ್ತು. ಹಳೇ ಪೊಳ್ಳುಗಳಿಗೂ ಈಗ ಕಿವಿ ಇಟ್ಟಿದ್ದರು. ವಾರಿಜಾ ಕಂಟ್ರೋಲ್ ರೂಮಿನಿಂದ ಹೊರಬಂದು ಸ್ವಲ್ಪ ದೂರದಲ್ಲಿ ನಿಂತರು.

ಯಾರೂ ಯಾಕೆ ಎಂದು ಕೇಳಲಿಲ್ಲ.

ದುರುಗಮ್ಮ ಮುಂದೆ ನಡೆದಳು. ಉಳಿದವರು ಹಿಂದೆ. ಅಂಗಡಿಯಲ್ಲಿ ಅವಳು ಸೊಂಟದ ಚೀಲ ಬಿಚ್ಚಿ ಎಂಟು ಚಹ ಹೇಳಿದಳು. ದೂರ ನಿಂತಿದ್ದ ವಾರಿಜಾರನ್ನು ನೋಡಿ ಒಂಬತ್ತು ಎಂದಳು. "ಶುಂಠಿ ಹಾಕೋ ರಜಾಕ," ಎಂದಳು.

ಮೌಲಪ್ಪ ಕಪ್ಪು ಹಿಡಿದು ಕೂತ. ಚಹ ಬಿಸಿ ಇತ್ತು, ಶುಂಠಿ ಜಾಸ್ತಿಯಾಗಿತ್ತು. ಅದು ಗಂಟಲಲ್ಲಿ ಇಳಿಯುವುದು ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚೇನೂ ಗೊತ್ತಾಗುತ್ತಿರಲಿಲ್ಲ.

ಆ ದಿನ ಹದಿನಾಲ್ಕನೆಯ ಮಟ್ಟದಲ್ಲಿ ಏನೂ ಆಗಲಿಲ್ಲ. ಒಂದು ಹರಳೂ ಜಾರಲಿಲ್ಲ. ಹೋದದ್ದು ಒಂದು ಪಾಳಿ, ನಲವತ್ತು ಡಬ್ಬಿ ಅದಿರು, ಒಂಬತ್ತು ಕಪ್ ಚಹ. ಉಳಿದದ್ದು ಏಳು ಜನ.